ಓದುಗರ ಪ್ರಶ್ನೆ: ಸೈಬರ್ ಸರ್ಟಿಫಿಕೇಟ್ ಯಾವುದು, ಸರ್ಕಾರಿ ನೌಕರಿ ಯಾವುದು?

ಸೈಬರ್ ಸೆಕ್ಯುರಿಟಿ ಸರ್ಟಿಫಿಕೇಟುಗಳ ಬಗ್ಗೆ ಹುಬ್ಬಳ್ಳಿ-ಧಾರವಾಡ, ಗದಗ, ಹಾವೇರಿ ಕಡೆಯಿಂದ ಬಂದ ಪತ್ರಗಳನ್ನು ಈ ಸಂಚಿಕೆಯಲ್ಲಿ ಒಟ್ಟಿಗೆ ತೆಗೆದುಕೊಂಡಿದ್ದೇವೆ. ಉದ್ದದ ಪತ್ರಗಳನ್ನು ಮೊಟಕು ಮಾಡಿದ್ದೇವೆ. ಹೆಸರು ಬೇಡ ಎಂದು ಹೆಚ್ಚಿನವರು ಕೇಳಿಕೊಂಡಿದ್ದರಿಂದ ಯಾರದ್ದೂ ಹಾಕಿಲ್ಲ.

ಪ್ರಶ್ನೆ: ನಮಸ್ಕಾರ್ರೀ. ನನ್ನ ಮಗ ಗದಗದಾಗ ಬಿಸಿಎ ಕಡೀ ವರ್ಷ ಓದಾಕತ್ಯಾನ. ಹುಬ್ಬಳ್ಳ್ಯಾಗ ಒಂದು ಕೋಚಿಂಗ್ ಸೆಂಟರ್‌ನವರು “ಸೆಕ್ಯುರಿಟಿ ಪ್ಲಸ್ ಅಂತ ಒಂದು ಸರ್ಟಿಫಿಕೇಟ್ ಐತಿ, ಸರ್ಕಾರಿ ಸೈಬರ್ ನೌಕರಿಗೆ ಅದು ಕಡ್ಡಾಯ, ಅದಾತು ಅಂದ್ರ ನೌಕರಿ ಆದಂಗ” ಅಂತ ಹೇಳಿ ಎಂಬತ್ತು ಸಾವಿರ ಕೇಳಾಕತ್ತಾರ. ಯೂಟ್ಯೂಬ್‌ನ್ಯಾಗೂ ಹಂಗ ಹೇಳ್ತಾರಂತ. ಹೊಲದ ಮ್ಯಾಲ ಸಾಲ ತಗೀಬೇಕಾಗೇತಿ. ಕೊಡ್ಲೋ ಬ್ಯಾಡೋ?
— ಒಬ್ಬ ತಂದೆ, ಮುಳಗುಂದ

ಉತ್ತರ: ಬೇಡ. ಸಾಲವಂತೂ ಬೇಡವೇ ಬೇಡ.

ಕೋಚಿಂಗ್‌ನವರು ಹೇಳಿದ ನಿಯಮ ಸುಳ್ಳಲ್ಲ, ಆದರೆ ಆ ಸರ್ಕಾರ ನಮ್ಮದಲ್ಲ. ಅಮೆರಿಕದ ರಕ್ಷಣಾ ಇಲಾಖೆ 2005ರಲ್ಲಿ 8570 ಎಂಬ ಕೈಪಿಡಿ ಹೊರಡಿಸಿತು. ತನ್ನ ಕಂಪ್ಯೂಟರ್ ಜಾಲ ಕಾಯುವವರು, ನೌಕರರಿರಲಿ ಗುತ್ತಿಗೆದಾರರಿರಲಿ, ಯಾವ ಹಂತಕ್ಕೆ ಯಾವ ಸರ್ಟಿಫಿಕೇಟ್ ಇಟ್ಟುಕೊಂಡಿರಬೇಕು ಎಂದು ಅದರಲ್ಲಿ ಪಟ್ಟಿಯೇ ಇತ್ತು. ಮಧ್ಯಮ ಹಂತದ ತಾಂತ್ರಿಕ ಕೆಲಸಕ್ಕೆ ಕಾಂಪ್ಟಿಯಾ ಎಂಬ ಸಂಸ್ಥೆ ಕೊಡುವ ಸೆಕ್ಯುರಿಟಿ ಪ್ಲಸ್ ಇದ್ದರೆ ಸಾಕಿತ್ತು. ಈಗ ಅದರ ಜಾಗಕ್ಕೆ 8140 ಎಂಬ ವ್ಯವಸ್ಥೆ ಬಂದಿದೆ. ಅದರ ಕೈಪಿಡಿ 2023ರ ಫೆಬ್ರುವರಿಯದು, ಅದರಲ್ಲಿ ಸರ್ಟಿಫಿಕೇಟಿನ ಬದಲು ಪದವಿ ಅಥವಾ ತರಬೇತಿಯನ್ನೂ ಒಪ್ಪುತ್ತಾರೆ. ಇಂಗ್ಲಿಷ್ ವಿಡಿಯೋಗಳಲ್ಲಿ “ಗವರ್ನಮೆಂಟ್ ಜಾಬ್‌ಗೆ ಕಡ್ಡಾಯ” ಎನ್ನುವುದು ಇದನ್ನೇ. ಅದನ್ನು ಕೇಳಿದವರು ಹುಬ್ಬಳ್ಳಿಗೆ ತಂದು ಮಾರುತ್ತಿದ್ದಾರೆ.

ನಮ್ಮಲ್ಲಿ ಲೆಕ್ಕ ಬೇರೆ. ಕರ್ನಾಟಕದಲ್ಲಿ ಪ್ರತಿ ಇಲಾಖೆಗೂ ವೃಂದ ಮತ್ತು ನೇಮಕಾತಿ ನಿಯಮ ಎಂಬುದಿದೆ, ಕಚೇರಿಗಳಲ್ಲಿ ‘ಸಿ ಅಂಡ್ ಆರ್’ ಎನ್ನುತ್ತಾರೆ. ಯಾವ ಹುದ್ದೆಗೆ ಯಾವ ವಿದ್ಯಾರ್ಹತೆ ಎಂಬುದು ಅಲ್ಲಿ ಬರೆದು ರಾಜ್ಯಪತ್ರದಲ್ಲಿ ಅಚ್ಚಾಗಿರುತ್ತದೆ. ಕೆಪಿಎಸ್‌ಸಿ ಆಗಲಿ ಕೆಇಎ ಆಗಲಿ ಅದನ್ನು ದಾಟುವಂತಿಲ್ಲ. ನಿಯಮದಲ್ಲಿ ಪದವಿ ಎಂದಿದ್ದರೆ ಪದವಿಯೇ ಬೇಕು. ಅಲ್ಲಿ ಹೆಸರಿಲ್ಲದ ಸರ್ಟಿಫಿಕೇಟ್ ಹತ್ತು ಇದ್ದರೂ ಒಂದು ಅಂಕ ಕೂಡುವುದಿಲ್ಲ.

ಕೇಂದ್ರದ ಉದಾಹರಣೆ ನೋಡಿ. ಎನ್‌ಐಸಿ, ಅಂದರೆ ಸರ್ಕಾರಿ ವೆಬ್‌ಸೈಟು ಮತ್ತು ಜಾಲಗಳನ್ನು ನಡೆಸುವ ಸಂಸ್ಥೆ, 2023ರಲ್ಲಿ 598 ಹುದ್ದೆಗೆ ಕರೆದಿತ್ತು. ಸೈಂಟಿಸ್ಟ್-ಬಿ, ಸೈಂಟಿಫಿಕ್ ಆಫೀಸರ್, ಟೆಕ್ನಿಕಲ್ ಅಸಿಸ್ಟೆಂಟ್. ಕೇಳಿದ್ದು ಬಿ.ಇ., ಎಂ.ಎಸ್ಸಿ., ಎಂಸಿಎ ಇಂಥವು. ಸೈಂಟಿಸ್ಟ್-ಬಿಗೆ ನೈಲಿಟ್ ಎಂಬ ಕೇಂದ್ರ ಸರ್ಕಾರದ ಕಂಪ್ಯೂಟರ್ ಶಿಕ್ಷಣ ಸಂಸ್ಥೆಯ ‘ಬಿ’ ಲೆವೆಲ್ ಕೂಡ ನಡೆಯುತ್ತಿತ್ತು. ಪರೀಕ್ಷೆಯಲ್ಲಿ 120 ಪ್ರಶ್ನೆ, ಅದರಲ್ಲಿ 65 ಪ್ರತಿಶತ ತಾಂತ್ರಿಕ ವಿಷಯ, ತಪ್ಪು ಉತ್ತರಕ್ಕೆ ಕಾಲು ಅಂಕ ಕಡಿತ. ಸೆಕ್ಯುರಿಟಿ ಪ್ಲಸ್ ಎಂಬ ಮಾತೇ ಇರಲಿಲ್ಲ. ನಿಮಗೆ ಮುಖ್ಯವಾದದ್ದು ಇನ್ನೊಂದು: ಬಿಸಿಎ ಆ ಪಟ್ಟಿಯಲ್ಲಿ ಇರಲಿಲ್ಲ. ಎಂಬತ್ತು ಸಾವಿರ ಕೊಟ್ಟು ಸರ್ಟಿಫಿಕೇಟ್ ತಂದಿದ್ದರೂ ನಿಮ್ಮ ಮಗ ಅರ್ಜಿಯ ಮೊದಲ ಪುಟ ದಾಟುತ್ತಿರಲಿಲ್ಲ.

ಹಾಗಾದರೆ ಏನು ಮಾಡಬೇಕು? ಒಂದು ದಾರಿ ಎಂಸಿಎ. ಎರಡು ವರ್ಷದ್ದು, ಕೆಇಎ ನಡೆಸುವ ಪಿಜಿಸಿಇಟಿ ಬರೆದು ಸೇರುವುದು. ಅದಾದರೆ ಎನ್‌ಐಸಿ ಥರದ ಹುದ್ದೆಗಳಿಗೂ, ಐಬಿಪಿಎಸ್ ನಡೆಸುವ ಬ್ಯಾಂಕ್ ಐಟಿ ಆಫೀಸರ್ ಪರೀಕ್ಷೆಗೂ ಅರ್ಹತೆ ಬರುತ್ತದೆ (ಐಟಿ ಆಫೀಸರ್‌ಗೆ ವಯಸ್ಸು 20ರಿಂದ 30, ಮೀಸಲಾತಿಯ ಸಡಿಲಿಕೆ ಬೇರೆ, ಅನುಭವ ಕೇಳುವುದಿಲ್ಲ). ಕಾಲೇಜಿಗೆ ಹೋಗಲು ಆಗದಿದ್ದರೆ ನೈಲಿಟ್ ‘ಬಿ’ ಲೆವೆಲ್. ಯಾವುದೇ ಪದವಿಯ ಮೇಲೆ ಅದು ಪಾಸಾದವರನ್ನು ಐಬಿಪಿಎಸ್ ಐಟಿ ಆಫೀಸರ್ ಹುದ್ದೆಗೂ ಒಪ್ಪುತ್ತದೆ. ಆದರೆ ಒಬ್ಬರೇ ಕೂತು ಓದಿ ಮುಗಿಸುವುದು ಕಷ್ಟ, ನಡುವೆ ಬಿಡುವವರೇ ಬಹಳ. ಇದರ ಜೊತೆಗೆ ಬಿಸಿಎ ಕೂಡ ಒಂದು ಪದವಿಯೇ ಎಂಬುದನ್ನು ಮರೆಯಬೇಡಿ. “ಯಾವುದೇ ಪದವಿ” ಎಂದು ಕೇಳುವ ಎಲ್ಲ ಪರೀಕ್ಷೆಗೂ, ಬ್ಯಾಂಕ್ ಕ್ಲರ್ಕ್, ಪಿಒಗಳಿಗೂ ಅವನು ಕೂರಬಹುದು.

ಸೆಕ್ಯುರಿಟಿ ಪ್ಲಸ್ ಕೆಟ್ಟದ್ದೆಂದು ಇದರ ಅರ್ಥವಲ್ಲ. ಖಾಸಗಿ ಕಂಪನಿಯ ಮೊದಲ ಕೆಲಸಕ್ಕೆ ಅದು ಒಳ್ಳೆಯ ಅಡಿಪಾಯ. 90 ನಿಮಿಷ, ಹೆಚ್ಚೆಂದರೆ 90 ಪ್ರಶ್ನೆ, 100ರಿಂದ 900ರ ಅಳತೆಯಲ್ಲಿ 750 ಬಂದರೆ ಪಾಸು, ಮೂರು ವರ್ಷ ಚಾಲ್ತಿ. ಆದರೆ ಆ ಪರೀಕ್ಷೆ ಬರೆಯಲು ಯಾವ ಕ್ಲಾಸಿಗೂ ಸೇರಬೇಕಿಲ್ಲ. ವೋಚರ್ (ಪರೀಕ್ಷಾ ಶುಲ್ಕದ ಕೂಪನ್) ಕೊಂಡು ಯಾರು ಬೇಕಾದರೂ ಬರೆಯಬಹುದು. ಕೋಚಿಂಗ್‌ನವರನ್ನು ಇಷ್ಟು ಕೇಳಿ: “ಎಂಬತ್ತು ಸಾವಿರದಾಗ ಪರೀಕ್ಷೆ ವೋಚರ್‌ದು ಎಷ್ಟು, ನಿಮ್ಮದು ಎಷ್ಟು? ಯಾವ ಸರ್ಕಾರಿ ಅಧಿಸೂಚನೆಯೊಳಗ ಇದರ ಹೆಸರು ಐತಿ? ತೋರಿಸ್ರಿ.” ಅಲ್ಲಿಗೆ ಮಾತು ಮುಗಿಯುತ್ತದೆ.

ಪ್ರಶ್ನೆ: ಬಿ.ಇ. ಮುಗಿಸಿ ನಾಲ್ಕು ವರ್ಷದಿಂದ ಹುಬ್ಬಳ್ಳಿಯ ಖಾಸಗಿ ಕಂಪನಿಯಲ್ಲಿ ನೆಟ್‌ವರ್ಕ್ ಸಪೋರ್ಟ್ ಕೆಲಸದಲ್ಲಿದ್ದೇನೆ. ಸಾರ್ವಜನಿಕ ವಲಯದ ಬ್ಯಾಂಕೊಂದು ಮಾಹಿತಿ ಭದ್ರತೆಯ ಮ್ಯಾನೇಜರ್ ಹುದ್ದೆಗೆ ಕರೆದಿದೆ. “ಸಿಸಾ, ಸಿಐಎಸ್‌ಎಂ, ಸಿಐಎಸ್‌ಎಸ್‌ಪಿ, ಇವುಗಳಲ್ಲಿ ಒಂದು ಕಡ್ಡಾಯ, ಸಿಇಎಚ್ ಇದ್ದರೆ ಆದ್ಯತೆ” ಎಂದಿದೆ. ಹೋದ ತಿಂಗಳು ಸಿಸಾ ಪರೀಕ್ಷೆ ಪಾಸಾಗಿದ್ದೇನೆ. ಅರ್ಜಿ ಹಾಕಲೇ?
— ವಿದ್ಯಾನಗರ, ಹುಬ್ಬಳ್ಳಿ

ಉತ್ತರ: ಪಾಸಾಗಿದ್ದೀರಿ, ಆದರೆ ನೀವಿನ್ನೂ ‘ಸಿಸಾ’ ಅಲ್ಲ. ದಾಖಲೆ ಪರಿಶೀಲನೆಯ ಮೇಜಿನ ಮುಂದೆ ಜನ ಸಿಕ್ಕಿಬೀಳುವುದು ಇಲ್ಲಿಯೇ, ಆದ್ದರಿಂದ ಸ್ವಲ್ಪ ಬಿಡಿಸಿ ಹೇಳುತ್ತೇವೆ.

ಸಿಸಾ ಎಂದರೆ ಮಾಹಿತಿ ವ್ಯವಸ್ಥೆಯ ಆಡಿಟರ್ ಸರ್ಟಿಫಿಕೇಟ್. ಅದನ್ನು ಕೊಡುವ ಐಸಾಕಾ ಸಂಸ್ಥೆಯಲ್ಲಿ ಪರೀಕ್ಷೆ ಒಂದು ಹಂತ, ಸರ್ಟಿಫಿಕೇಶನ್ ಇನ್ನೊಂದು. 150 ಪ್ರಶ್ನೆ, ನಾಲ್ಕು ತಾಸು, 200ರಿಂದ 800ರ ಅಳತೆಯಲ್ಲಿ 450. ಅದು ನಿಮಗಾಗಿದೆ. ಇನ್ನು ಮಾಹಿತಿ ವ್ಯವಸ್ಥೆಯ ಆಡಿಟ್, ನಿಯಂತ್ರಣ ಅಥವಾ ಭದ್ರತೆಯಲ್ಲಿ ಐದು ವರ್ಷದ ಅನುಭವ ತೋರಿಸಬೇಕು. ಇದರಲ್ಲಿ ಗರಿಷ್ಠ ಮೂರು ವರ್ಷ ರಿಯಾಯಿತಿ ಸಿಗುತ್ತದೆ. ನಿಮ್ಮ ಬಿ.ಇ. ಪದವಿಗೆ ಎರಡು ವರ್ಷ ಬಿಡುತ್ತಾರೆ. ಉಳಿದದ್ದು ಮೂರು, ನಿಮ್ಮ ಕೈಯಲ್ಲಿರುವುದು ನಾಲ್ಕು. ಲೆಕ್ಕಕ್ಕೆ ಸಾಕು. ಪಾಸಾದ ಐದು ವರ್ಷದೊಳಗೆ ಅರ್ಜಿ ಹಾಕಬೇಕು, ಅರ್ಜಿಗೆ 50 ಡಾಲರ್ ಶುಲ್ಕ.

ತೊಡಕು ಇರುವುದು ‘ನೆಟ್‌ವರ್ಕ್ ಸಪೋರ್ಟ್’ ಎಂಬ ಎರಡು ಶಬ್ದದಲ್ಲಿ. ಕೇಬಲ್ ಎಳೆದದ್ದು, ಪಾಸ್‌ವರ್ಡ್ ರಿಸೆಟ್ ಮಾಡಿದ್ದು, ಪ್ರಿಂಟರ್ ಸರಿಪಡಿಸಿದ್ದು ಸಿಸಾದ ಅನುಭವ ಅಲ್ಲ. ಅದೇ ಕುರ್ಚಿಯಲ್ಲಿ ಕೂತು ನೀವು ಫೈರ್‌ವಾಲ್ ನಿಯಮಗಳನ್ನು ಮೂರು ತಿಂಗಳಿಗೊಮ್ಮೆ ನೋಡಿ ಬೇಡದ್ದನ್ನು ತೆಗೆದಿರಬಹುದು. ಕೆಲಸ ಬಿಟ್ಟವರ ಲಾಗಿನ್ ಮುಚ್ಚಿರಬಹುದು. ಬ್ಯಾಕಪ್ಪನ್ನು ಬೇರೆ ಸರ್ವರ್‌ಗೆ ಇಳಿಸಿ, ಅದು ನಿಜಕ್ಕೂ ತೆರೆಯುತ್ತದೆಯೇ ಎಂದು ಪರೀಕ್ಷಿಸಿರಬಹುದು. ಆಡಿಟ್‌ಗೆ ಬಂದವರಿಗೆ ಲಾಗ್ (ಯಾರು ಯಾವಾಗ ಏನು ಮಾಡಿದರೆಂಬ ಕಂಪ್ಯೂಟರ್ ದಾಖಲೆ) ತೆಗೆದುಕೊಟ್ಟಿರಬಹುದು. ಇವೆಲ್ಲ ಸಿಸಾ ಪಠ್ಯದ ನಾಲ್ಕು ಮತ್ತು ಐದನೇ ಭಾಗದೊಳಗೆ ನೇರವಾಗಿ ಕೂರುತ್ತವೆ. ಯಾವ ತಿಂಗಳಿನಿಂದ ಯಾವ ಕೆಲಸ ಮಾಡುತ್ತಿದ್ದೀರಿ ಎಂದು ಟಿಕೆಟ್ ಸಿಸ್ಟಮ್ ತೆರೆದಿಟ್ಟುಕೊಂಡು ಬರೆಯಿರಿ. ಮಾಡದ್ದನ್ನು ಮಾತ್ರ ಬರೆಯಬೇಡಿ. ಅದಕ್ಕೆ ಸಹಿ ಹಾಕುವವರು ಇನ್ನೊಬ್ಬರು.

ಆ ಸಹಿಯದ್ದೂ ಒಂದು ಕಥೆ. ಐಸಾಕಾ ಅರ್ಜಿಯಲ್ಲಿ ಅನುಭವವನ್ನು ದೃಢೀಕರಿಸಬೇಕಾದವರು ನಿಮ್ಮ ನೇರ ಮೇಲಧಿಕಾರಿ ಅಥವಾ ಅವರಿಗಿಂತ ಮೇಲಿನವರು. ಎಚ್‌ಆರ್ ವಿಭಾಗದವರ ಸಹಿ ಅಲ್ಲಿ ನಡೆಯುವುದಿಲ್ಲ, ಬಂಧುಗಳದ್ದೂ ನಡೆಯುವುದಿಲ್ಲ. ಬ್ಯಾಂಕಿನಲ್ಲಿ ಇದರ ತಿರುವುಮುರುವು: ಅವರಿಗೆ ಬೇಕಾದದ್ದು ಕಂಪನಿಯ ಲೆಟರ್‌ಹೆಡ್‌ನಲ್ಲಿ ಎಚ್‌ಆರ್ ಕೊಟ್ಟ ಪತ್ರ, ಸೇರಿದ ದಿನಾಂಕ, ಹುದ್ದೆ, ಕೆಲಸದ ಸ್ವರೂಪ, ಸೀಲು. ಆಫರ್ ಲೆಟರ್, ಸಂಬಳದ ಸ್ಲಿಪ್ ಮಾತ್ರ ಹಿಡಿದುಕೊಂಡು ಹೋದವರು ವಾಪಸ್ ಬರುತ್ತಾರೆ. ಎರಡೂ ಪತ್ರ ಬೇರೆ ಬೇರೆ, ಎರಡನ್ನೂ ಈಗಲೇ ಮಾಡಿಸಿಡಿ.

ಇನ್ನೂ ಒಂದು ಗುಂಡಿ ಇದೆ. ಐಸಾಕಾ ನಿಮ್ಮ ಪದವಿಗೆ ಬಿಟ್ಟ ಎರಡು ವರ್ಷವನ್ನು ಬ್ಯಾಂಕು ಬಿಡುವುದಿಲ್ಲ. ಜಾಹೀರಾತಿನಲ್ಲಿ “ವಿದ್ಯಾರ್ಹತೆ ಪಡೆದ ನಂತರ 5 ವರ್ಷ” ಎಂದಿದ್ದರೆ ಬಿ.ಇ. ಮುಗಿದ ಮೇಲಿನ ಐದು ವರ್ಷವೇ ಬೇಕು, ಇಂಟರ್ನ್‌ಶಿಪ್ ಸಾಮಾನ್ಯವಾಗಿ ಲೆಕ್ಕಕ್ಕಿಲ್ಲ. ಕೆಲವು ಜಾಹೀರಾತಿನಲ್ಲಿ ಅದರೊಳಗೆ ಇಂತಿಷ್ಟು ವರ್ಷ ಭದ್ರತೆಯ ಕೆಲಸದಲ್ಲೇ ಆಗಿರಬೇಕು ಎಂದೂ ಇರುತ್ತದೆ. ನಿಮ್ಮ ಪತ್ರದಲ್ಲಿ ಆ ಸಾಲು ಬರೆದಿಲ್ಲ. ಮೊದಲು ಅದನ್ನು ನೋಡಿ. ಅಲ್ಲಿ ಐದು ಎಂದಿದ್ದರೆ ಸರ್ಟಿಫಿಕೇಟ್ ಬಂದರೂ ಈ ಸಲ ಆಗುವುದಿಲ್ಲ.

ಈ ಎಲ್ಲವನ್ನೂ ನೋಡುವುದು ಒಂದೇ ದಿನಾಂಕಕ್ಕೆ. ಸರ್ಟಿಫಿಕೇಟಿಗೂ ಅನುಭವಕ್ಕೂ “ಇಂಥ ದಿನಕ್ಕೆ” ಎಂದು ಜಾಹೀರಾತಿನಲ್ಲಿ ಇರುತ್ತದೆ. ಸರ್ಟಿಫಿಕೇಟ್ ಮೇಲಿನ ದಿನಾಂಕ ಅದರ ಮರುದಿನದ್ದಾದರೂ ಅನರ್ಹ. ಅರ್ಜಿ ತುಂಬುವ ವೆಬ್‌ಪುಟ ‘ಇದೆ’ ಎಂದು ಟಿಕ್ ಮಾಡಲು ಬಿಡುತ್ತದೆ, ಶುಲ್ಕ ತೆಗೆದುಕೊಳ್ಳುತ್ತದೆ, ಹಾಲ್ ಟಿಕೆಟನ್ನೂ ಕೊಡಬಹುದು. ತಿರಸ್ಕಾರ ಬರುವುದು ಕೊನೆಗೆ, ಮೂಲ ದಾಖಲೆ ನೋಡುವಾಗ. ಐಸಾಕಾ ಅರ್ಜಿ ಮುಗಿಯಲು ಸಮಯ ಬೇಕು, ನಿಮ್ಮ ಮೇಲಧಿಕಾರಿ ಇಮೇಲ್ ನೋಡುವುದು ತಡವಾದರೆ ಇನ್ನೂ ತಡ. ಈ ವಾರವೇ ಹಾಕಿ. ಕೊನೆಯ ದಿನದೊಳಗೆ ಬಂದರೆ ಸರಿ, ಇಲ್ಲದಿದ್ದರೆ ಮುಂದಿನ ಜಾಹೀರಾತಿಗೆ ಸಿದ್ಧವಾಗಿರುತ್ತದೆ. ಈ ಹುದ್ದೆಗಳಿಗೆ ಬ್ಯಾಂಕುಗಳು ಆಗಾಗ ಕರೆಯುತ್ತಲೇ ಇರುತ್ತವೆ.

ಐಎಸ್‌ಸಿ2 ಎಂಬ ಸಂಸ್ಥೆ ಭದ್ರತಾ ಪರಿಣತರಿಗೆ ಕೊಡುವ ಸಿಐಎಸ್‌ಎಸ್‌ಪಿ ಕಡೆಗೂ ಇದೇ ಗೋಳು. ಎಂಟು ವಿಷಯಗಳಲ್ಲಿ ಕನಿಷ್ಠ ಎರಡರಲ್ಲಿ ಒಟ್ಟು ಐದು ವರ್ಷದ ಅನುಭವ ಬೇಕು. ಪದವಿಗೆ ಒಂದೇ ವರ್ಷ ರಿಯಾಯಿತಿ. ಪಾಸಾದ ಒಂಬತ್ತು ತಿಂಗಳೊಳಗೆ ಈಗಾಗಲೇ ಆ ಸಂಸ್ಥೆಯ ಸದಸ್ಯರಾದ ಒಬ್ಬರಿಂದ ಅನುಮೋದನೆ ಮಾಡಿಸಬೇಕು. ಅನುಭವ ಸಾಲದವರನ್ನು ‘ಅಸೋಸಿಯೇಟ್’ ಎನ್ನುತ್ತಾರೆ, ಅವರು ಹೆಸರಿನ ಮುಂದೆ ಸಿಐಎಸ್‌ಎಸ್‌ಪಿ ಎಂದು ಬರೆದುಕೊಳ್ಳುವಂತಿಲ್ಲ. ಐಸಾಕಾದ್ದೇ ಆದ, ಭದ್ರತಾ ಮ್ಯಾನೇಜರ್‌ಗಳ ಸಿಐಎಸ್‌ಎಂ ಅನ್ನು ಸದ್ಯ ಬಿಡಿ. ಅದರ ಐದು ವರ್ಷದಲ್ಲಿ ಮೂರು ವರ್ಷ ಭದ್ರತೆಯ ನಿರ್ವಹಣೆಯಲ್ಲೇ ಆಗಿರಬೇಕು.

ಸಿಇಎಚ್, ಅಂದರೆ ‘ಎಥಿಕಲ್ ಹ್ಯಾಕರ್’ ಸರ್ಟಿಫಿಕೇಟ್, ‘ಆದ್ಯತೆ’ ಮಾತ್ರ. ಅರ್ಜಿಗಳು ಹೆಚ್ಚಿದಾಗ ಜರಡಿ ಹಿಡಿಯಲು ಬಳಸುತ್ತಾರೆ. ಕಡ್ಡಾಯದ್ದು ಕೈಗೆ ಬರುವ ಮೊದಲು ಅದಕ್ಕೆ ದುಡ್ಡು ಹಾಕಬೇಡಿ. ಅದನ್ನು ಅಧಿಕೃತ ತರಬೇತಿ ಇಲ್ಲದೆ ಬರೆಯಲು ಎರಡು ವರ್ಷದ ಭದ್ರತಾ ಅನುಭವ ತೋರಿಸಬೇಕು. ನಿಮ್ಮ ನಾಲ್ಕು ವರ್ಷದಲ್ಲಿ ಅಷ್ಟು ಭದ್ರತೆಯ ಕೆಲಸ ಇದ್ದರೆ ದುಬಾರಿ ಕ್ಲಾಸು ಬೇಕಾಗಿಯೂ ಇಲ್ಲ.

ಸಂದರ್ಶನಕ್ಕೆ ಕರೆದರೆ ಸಿಸಾ ಪುಸ್ತಕವೊಂದನ್ನೇ ನಂಬಬೇಡಿ. ಅದು ಎಲ್ಲ ದೇಶಕ್ಕೂ ಬರೆದ ಪುಸ್ತಕ, ಬ್ಯಾಂಕಿನವರು ಕೇಳುವುದು ಇಲ್ಲಿನ ನಿಯಮ. ಸೈಬರ್ ದಾಳಿಗಳ ಮೇಲೆ ಕಣ್ಣಿಡುವ ಕೇಂದ್ರ ಸಂಸ್ಥೆ ಸರ್ಟ್-ಇನ್‌ನ 2022ರ ಏಪ್ರಿಲ್ 28ರ ನಿರ್ದೇಶನದ ಪ್ರಕಾರ ಸೈಬರ್ ಘಟನೆಯನ್ನು ಗಮನಕ್ಕೆ ಬಂದ 6 ತಾಸಿನೊಳಗೆ ತಿಳಿಸಬೇಕು, ಲಾಗ್‌ಗಳನ್ನು 180 ದಿನ ಇಡಬೇಕು. ರಿಸರ್ವ್ ಬ್ಯಾಂಕಿನ 2016ರ ಜೂನ್ 2ರ ಸುತ್ತೋಲೆ ಬ್ಯಾಂಕುಗಳಿಗೆ ಕೊಟ್ಟಿರುವುದು 2ರಿಂದ 6 ತಾಸು. “ನಿಮ್ಮ ಶಾಖೆಯ ಸರ್ವರ್‌ಗೆ ರಾತ್ರಿ ರ‍್ಯಾನ್ಸಮ್‌ವೇರ್ ಹೊಕ್ಕಿತು, ಯಾರಿಗೆ ಮೊದಲು ತಿಳಿಸುತ್ತೀರಿ?” ಎಂದರೆ ಈ ಎರಡೂ ಗಡುವು ಬಾಯಲ್ಲಿರಬೇಕು.

ಪ್ರಶ್ನೆ: ಹಾವೇರಿ ಜಿಲ್ಲೆಯ ತಾಲ್ಲೂಕು ಕಚೇರಿಯೊಂದರಲ್ಲಿ ಏಳು ವರ್ಷದಿಂದ ಹೊರಗುತ್ತಿಗೆ ಡೇಟಾ ಎಂಟ್ರಿ ಆಪರೇಟರ್. ಸೈಬರ್ ಸೆಕ್ಯುರಿಟಿ ಸರ್ಟಿಫಿಕೇಟ್ ಮಾಡಿಕೊಂಡರೆ ಕಾಯಂ ಮಾಡುತ್ತಾರೆ ಎಂದು ಒಬ್ಬರು ಹೇಳಿದರು. ನಿಜವೇ?
— ಬ್ಯಾಡಗಿ

ಉತ್ತರ: ಅಲ್ಲ. ಹೊರಗುತ್ತಿಗೆಯವರ ಉದ್ಯೋಗದಾತರು ಕಾಗದದ ಮೇಲೆ ಏಜೆನ್ಸಿ, ಇಲಾಖೆಯಲ್ಲ. ಯಾವ ಸರ್ಟಿಫಿಕೇಟೂ ಆ ಸಂಬಂಧವನ್ನು ಬದಲಿಸುವುದಿಲ್ಲ. ಹೇಳಿದವರು ಬಹುಶಃ ಕಂಪ್ಯೂಟರ್ ಸಾಕ್ಷರತಾ ಪರೀಕ್ಷೆಯೊಂದಿಗೆ ಗೊಂದಲ ಮಾಡಿಕೊಂಡಿದ್ದಾರೆ. 2012ರ ನಿಯಮದಡಿ ಬರುವ ಆ ಪರೀಕ್ಷೆ ಈಗಾಗಲೇ ಸರ್ಕಾರಿ ಸೇವೆಯಲ್ಲಿ ಇರುವವರಿಗೆ.

ಸರ್ಟಿಫಿಕೇಟ್ ನಿಮಗೆ ಉಪಯೋಗವಾಗುವುದು ಒಂದೇ ಕಡೆ, ಗುತ್ತಿಗೆಯಲ್ಲೇ ಮೇಲಿನ ದರದ ಕೆಲಸಕ್ಕೆ. ಎನ್‌ಐಸಿಯ ಅಂಗಸಂಸ್ಥೆ ಎನ್‌ಐಸಿಎಸ್‌ಐ ಮತ್ತು ಇಂಥ ಬೇರೆ ಸಂಸ್ಥೆಗಳು ಏಜೆನ್ಸಿಗಳ ಮೂಲಕ ನೆಟ್‌ವರ್ಕ್, ಭದ್ರತೆಯ ಜನರನ್ನು ತೆಗೆದುಕೊಳ್ಳುತ್ತವೆ. ಅಲ್ಲಿ ಸಿಸಿಎನ್‌ಎ (ನೆಟ್‌ವರ್ಕ್ ಕೆಲಸದ ಸರ್ಟಿಫಿಕೇಟ್), ಸಿಇಎಚ್ ಹೆಸರು ಕಾಣುತ್ತದೆ. ಆದರೂ ಹೆಚ್ಚಿನ ಕಡೆ ಪದವಿ ಬೇಕೇ ಬೇಕು. ನಿಮ್ಮ ವಿದ್ಯಾರ್ಹತೆ ಬರೆದಿಲ್ಲ. ಪಿಯುಸಿ ಆಗಿದ್ದರೆ ಮೊದಲು ಮುಕ್ತ ವಿಶ್ವವಿದ್ಯಾಲಯದಿಂದ ಪದವಿ ಮುಗಿಸಿಕೊಳ್ಳಿ. ವಯೋಮಿತಿ ಇರುವಾಗಲೇ ಪದವಿ ಮೇಲಿನ ಸಾಮಾನ್ಯ ಪರೀಕ್ಷೆಗಳಿಗೆ ಕೂರುವುದು ಕಾಯಂ ಆಗುವ ಖಾತ್ರಿ ದಾರಿ.

ಪ್ರಶ್ನೆ: ನಾನು ಪೊಲೀಸ್ ಕಾನ್‌ಸ್ಟೆಬಲ್, ಬಿ.ಎಸ್ಸಿ. ಆಗಿದೆ. ಸಿಇಎನ್ (ಸೈಬರ್, ಆರ್ಥಿಕ, ಮಾದಕವಸ್ತು ಅಪರಾಧ) ಠಾಣೆಗೆ ಹೋಗುವ ಆಸೆ. ಖಾಸಗಿ ಡಿಜಿಟಲ್ ಫೊರೆನ್ಸಿಕ್ ಸರ್ಟಿಫಿಕೇಟ್ ಕೈಯಿಂದ ದುಡ್ಡು ಹಾಕಿ ಮಾಡಲೇ?
— ಧಾರವಾಡ

ಉತ್ತರ: ಮೊದಲು ದುಡ್ಡಿಲ್ಲದ್ದನ್ನು ಮುಗಿಸಿ. ಕೇಂದ್ರ ಗೃಹ ಇಲಾಖೆಯ ಸೈಬರ್ ಅಪರಾಧ ಕೇಂದ್ರ ಐ4ಸಿ ನಡೆಸುವ ‘ಸೈಟ್ರೇನ್’ ಪೋರ್ಟಲ್‌ನಲ್ಲಿ ಪೊಲೀಸರಿಗಾಗಿಯೇ ಆನ್‌ಲೈನ್ ಕೋರ್ಸುಗಳಿವೆ, ಸರ್ಟಿಫಿಕೇಟನ್ನೂ ಕೊಡುತ್ತಾರೆ. ಮೇಲಧಿಕಾರಿಗಳಿಗೆ ಅರ್ಜಿ ಕೊಡುವಾಗ ಅದನ್ನೇ ಲಗತ್ತಿಸಿ, ವಿದೇಶಿ ಸಂಸ್ಥೆಯ ಹೆಸರಿಗಿಂತ ಅದು ಅವರಿಗೆ ಬೇಗ ಅರ್ಥವಾಗುತ್ತದೆ. ಎಲ್ಲಿಗೆ ಹಾಕುವುದು ಎಂಬುದು ಇಲಾಖೆಯ ಕೈಯಲ್ಲೇ ಇದೆ, ಸರ್ಟಿಫಿಕೇಟ್ ಅದಕ್ಕೆ ಹಕ್ಕು ಕೊಡುವುದಿಲ್ಲ.

ಒಂದು ಮಿತಿ ಗೊತ್ತಿರಲಿ. ಐಟಿ ಕಾಯ್ದೆಯ ಕಲಂ 78ರ ಪ್ರಕಾರ ಆ ಕಾಯ್ದೆಯ ಅಪರಾಧಗಳ ತನಿಖೆ ಇನ್‌ಸ್ಪೆಕ್ಟರ್ ದರ್ಜೆಗಿಂತ ಕೆಳಗಿನವರು ಮಾಡುವಂತಿಲ್ಲ. ಆದರೆ ತನಿಖೆ ಕೆಡುವುದು ಹೆಚ್ಚಾಗಿ ಜಪ್ತಿಯ ಹೊತ್ತಿಗೆ, ಅಲ್ಲಿ ಇರುವವರು ನೀವೇ. ಮೊಬೈಲ್ ಆನ್ ಇದ್ದರೆ ಏರೋಪ್ಲೇನ್ ಮೋಡ್‌ಗೆ ಹಾಕುವುದು, ಮೂಲ ಹಾರ್ಡ್ ಡಿಸ್ಕನ್ನು ರೈಟ್ ಬ್ಲಾಕರ್ (ಡಿಸ್ಕಿನಲ್ಲಿ ಏನೂ ಬದಲಾಗದಂತೆ ತಡೆಯುವ ಸಾಧನ) ಇಲ್ಲದೆ ಕಂಪ್ಯೂಟರ್‌ಗೆ ಚುಚ್ಚದಿರುವುದು, ಹ್ಯಾಶ್ (ಡೇಟಾದ ಡಿಜಿಟಲ್ ಬೆರಳಚ್ಚು) ತೆಗೆದು ಪಂಚನಾಮೆಯಲ್ಲಿ ಬರೆಯುವುದು, ಇವನ್ನು ಕೈಗೆ ಹತ್ತಿಸಿಕೊಳ್ಳಿ. ಡಿಜಿಟಲ್ ಸಾಕ್ಷ್ಯಕ್ಕೆ 2024ರ ಜುಲೈ 1ರಿಂದ ಹಳೆಯ ಸಾಕ್ಷ್ಯ ಕಾಯ್ದೆಯ 65-ಬಿ ಬದಲು ಭಾರತೀಯ ಸಾಕ್ಷ್ಯ ಅಧಿನಿಯಮದ ಕಲಂ 63ರ ಪ್ರಮಾಣಪತ್ರ ಬಂದಿದೆ. ಅದರಲ್ಲಿ ಎ, ಬಿ ಎಂಬ ಎರಡು ಭಾಗ, ಹ್ಯಾಶ್ ಮೌಲ್ಯ ಮತ್ತು ಅದನ್ನು ತೆಗೆದ ವಿಧಾನ ಬರೆಯುವ ಜಾಗ ಎರಡರಲ್ಲೂ ಇದೆ. ಬಿ ಭಾಗಕ್ಕೆ ಪರಿಣತರ ಸಹಿ. ಆ ನಮೂನೆಯನ್ನು ತಪ್ಪಿಲ್ಲದೆ ತುಂಬಬಲ್ಲ ಕಾನ್‌ಸ್ಟೆಬಲ್‌ನನ್ನು ಯಾವ ಇನ್‌ಸ್ಪೆಕ್ಟರ್ ಬಿಟ್ಟುಕೊಡುತ್ತಾರೆ?

ಪ್ರಶ್ನೆ: ಚಾರ್ಟರ್ಡ್ ಅಕೌಂಟೆಂಟ್ ಆಗಿದ್ದೇನೆ. ಸರ್ಕಾರಿ ಕಚೇರಿ, ಸಹಕಾರಿ ಬ್ಯಾಂಕುಗಳ ಸೈಬರ್ ಆಡಿಟ್ ಮಾಡಬೇಕೆಂದಿದೆ. ಡಿಸಾ ಸಾಕೇ, ಸಿಸಾ ಬೇಕೇ? ಸರ್ಟ್-ಇನ್ ಎಂಪ್ಯಾನಲ್ ಆಗುವುದು ಹೇಗೆ?
— ದೇಶಪಾಂಡೆ ನಗರ, ಹುಬ್ಬಳ್ಳಿ

ಉತ್ತರ: ಎಂಪ್ಯಾನಲ್ ಆಗುವುದು, ಅಂದರೆ ಸರ್ಟ್-ಇನ್ ಒಪ್ಪಿದ ಆಡಿಟರ್‌ಗಳ ಪಟ್ಟಿಗೆ ಸೇರುವುದು, ಸಂಸ್ಥೆ, ವ್ಯಕ್ತಿಯಲ್ಲ. ಸರ್ಟ್-ಇನ್ ಪ್ರಕಟಿಸುವ ಪಟ್ಟಿ ತೆರೆದು ಯಾವುದಾದರೂ ಒಂದು ಸಂಸ್ಥೆಯ ವಿವರ ಓದಿ. ಅವರಲ್ಲಿ ಸಿಐಎಸ್‌ಎಸ್‌ಪಿ ಎಷ್ಟು ಜನ, ಮಾಹಿತಿ ಭದ್ರತೆಯ ಮಾನದಂಡವಾದ ಐಎಸ್‌ಒ 27001ರ ಲೀಡ್ ಆಡಿಟರ್ ಎಷ್ಟು, ಸಿಸಾ ಎಷ್ಟು, ಡಿಸಾ ಎಷ್ಟು ಎಂದು ಸಾಲಾಗಿ ಇರುತ್ತದೆ. ಆ ಸಾಲುಗಳೇ ನಿಮ್ಮ ಪ್ರಶ್ನೆಗೆ ಉತ್ತರ. ಡಿಸಾ ಅಲ್ಲಿ ಲೆಕ್ಕಕ್ಕಿದೆ, ಸಿಎಗಳಿಗೆ ಮಾತ್ರ ಸಿಗುವ ಕೋರ್ಸಾದ್ದರಿಂದ ನಿಮಗೆ ಅದೇ ಹತ್ತಿರದ ಮೆಟ್ಟಿಲು.

ಡಿಸಾದಲ್ಲಿ ಕಲಿಯುವುದು ನಿಯಂತ್ರಣಗಳ ಆಡಿಟ್. ಸರ್ಕಾರಿ ಕಚೇರಿ ಕರೆಯುವ ಹೆಚ್ಚಿನ ಕೆಲಸ ವೆಬ್‌ಸೈಟಿನ ಭದ್ರತಾ ಪರೀಕ್ಷೆ. ಅದಕ್ಕೆ ಬರ್ಪ್ (ವೆಬ್‌ಸೈಟಿನ ದೋಷ ಹುಡುಕುವ ಸಾಫ್ಟ್‌ವೇರ್) ಹಿಡಿದು ಕೂರುವ ಹುಡುಗರು ಬೇಕು, ಕೈಯಾರೆ ಹ್ಯಾಕ್ ಮಾಡಿ ತೋರಿಸಬೇಕಾದ ಒಎಸ್‌ಸಿಪಿ ಪರೀಕ್ಷೆ ಆದವರಿದ್ದರೆ ಇನ್ನೂ ಚಲೋ. ಆ ಪರೀಕ್ಷೆಗೆ 23 ತಾಸು 45 ನಿಮಿಷ ಯಂತ್ರಗಳ ಮುಂದೆ, ಮೇಲೆ 24 ತಾಸು ವರದಿಗೆ. 100ಕ್ಕೆ 70 ಬರಬೇಕು. ನೀವೊಬ್ಬರೇ ಎರಡನ್ನೂ ಮಾಡಲು ಹೋಗಬೇಡಿ. ಈಗಾಗಲೇ ಎಂಪ್ಯಾನಲ್ ಆದ ಸಂಸ್ಥೆಯ ಜೊತೆ ಸೇರಿ ಎರಡು ವರ್ಷ ಕೆಲಸ ಮಾಡುವುದು ಸ್ವಂತ ಫರ್ಮ್‌ನ ಅರ್ಜಿಗಿಂತ ಮೊದಲು ಆಗಬೇಕಾದದ್ದು.

ಸಹಕಾರಿ ಬ್ಯಾಂಕಿನ ಬಾಗಿಲು ನಿಮಗೆ ಇದಕ್ಕಿಂತ ಬೇಗ ತೆರೆದೀತು. ರಿಸರ್ವ್ ಬ್ಯಾಂಕ್ 2019ರ ಡಿಸೆಂಬರ್ 31ರಂದು ಪಟ್ಟಣ ಸಹಕಾರಿ ಬ್ಯಾಂಕುಗಳನ್ನು ಅವು ಬಳಸುವ ಡಿಜಿಟಲ್ ಸೇವೆಗಳನ್ನು ನೋಡಿ ನಾಲ್ಕು ಹಂತ ಮಾಡಿತು. ಮೇಲಿನ ಹಂತದವರಿಗೆ ಸೈಬರ್ ನಿಗಾ ಕೇಂದ್ರ, ಮಾಹಿತಿ ಭದ್ರತಾ ಮುಖ್ಯಸ್ಥರು ಬೇಕು, ಕೆಳಗಿನವರಿಗೆ ಮೂಲ ನಿಯಂತ್ರಣಗಳು. ನಮ್ಮ ಊರಿನ ಬ್ಯಾಂಕು ಯಾವ ಹಂತದಲ್ಲಿದೆ ಎಂಬುದನ್ನು ಅದರ ಆಡಳಿತ ಮಂಡಳಿಗೆ ಬಿಡಿಸಿ ಹೇಳುವವರೇ ಕಡಿಮೆ. ಮೊದಲ ಭೇಟಿಗೆ ಅದೊಂದೇ ಪುಟ ತಯಾರು ಮಾಡಿಕೊಂಡು ಹೋಗಿ.

ಪ್ರಶ್ನೆ: ನಮ್ಮೂರು ಕೊಪ್ಪಳ ಗಡಿಯಲ್ಲಿದೆ. 371-ಜೆ (ಕಲ್ಯಾಣ ಕರ್ನಾಟಕದ) ಮೀಸಲಾತಿ ಸಿಗುತ್ತದೆಯೇ? 2-ಎ ಪ್ರಮಾಣಪತ್ರ ಎನ್‌ಐಸಿ, ಐಬಿಪಿಎಸ್‌ಗೆ ನಡೆಯುತ್ತದೆಯೇ?
— ಗಜೇಂದ್ರಗಡ

ಉತ್ತರ: ಗದಗ ಜಿಲ್ಲೆ 371-ಜೆ ವ್ಯಾಪ್ತಿಯಲ್ಲಿಲ್ಲ. ಗಡಿಯಿಂದ ಎಷ್ಟೇ ಹತ್ತಿರವಿದ್ದರೂ ಊರು ಯಾವ ಜಿಲ್ಲೆಯಲ್ಲಿದೆ ಎಂಬುದೇ ಲೆಕ್ಕ. ಧಾರವಾಡ, ಹಾವೇರಿಗೂ ಇದೇ ಉತ್ತರ.

2-ಎ, 3-ಬಿ ಇವೆಲ್ಲ ರಾಜ್ಯದ ವರ್ಗಗಳು. ಕೇಂದ್ರದ ಹುದ್ದೆಗೆ ಕೇಂದ್ರದ ಒಬಿಸಿ ಪಟ್ಟಿಯಲ್ಲಿ ನಿಮ್ಮ ಜಾತಿ ಇರಬೇಕು, ರಾಜ್ಯದ ಪಟ್ಟಿಯ ಎಲ್ಲ ಜಾತಿಗಳೂ ಅಲ್ಲಿಲ್ಲ. ಇದ್ದರೆ ಕೇಂದ್ರದ ನಮೂನೆಯಲ್ಲೇ ಕೆನೆಪದರಕ್ಕೆ ಸೇರಿಲ್ಲವೆಂಬ ಪ್ರಮಾಣಪತ್ರ ಮಾಡಿಸಬೇಕು. ನಾಡಕಚೇರಿಯಲ್ಲಿ ಅರ್ಜಿ ಕೊಡುವಾಗ “ಕೇಂದ್ರದ ನೌಕರಿಗೆ” ಎಂದು ಬಾಯಿಬಿಟ್ಟು ಹೇಳಿ, ಇಲ್ಲದಿದ್ದರೆ ರೂಢಿಯ ಮೇಲೆ ರಾಜ್ಯದ್ದನ್ನೇ ಕೊಡುತ್ತಾರೆ. ಗ್ರಾಮೀಣ, ಕನ್ನಡ ಮಾಧ್ಯಮ ಮೀಸಲಾತಿ ಕೂಡ ರಾಜ್ಯದ ಹುದ್ದೆಗಳಿಗಷ್ಟೇ.

ಪ್ರಶ್ನೆ: ಎಸ್‌ಎಸ್‌ಎಲ್‌ಸಿಯಲ್ಲಿ ನನ್ನ ಹೆಸರು, ತಂದೆಯ ಹೆಸರು, ಅಡ್ಡಹೆಸರು ಮೂರೂ ಇವೆ. ಆಧಾರ್‌ನಲ್ಲಿ ತಂದೆಯ ಹೆಸರಿಲ್ಲ, ಪಾಸ್‌ಪೋರ್ಟ್‌ನಲ್ಲಿ ಅಡ್ಡಹೆಸರು ಮೊದಲು. ಸರ್ಟಿಫಿಕೇಟ್ ಪರೀಕ್ಷೆಗೆ ಯಾವ ಹೆಸರು ಕೊಡಲಿ? ಮನೆಯಲ್ಲೇ ಕೂತು ಬರೆಯಬಹುದೇ?
— ಲಕ್ಷ್ಮೇಶ್ವರ

ಉತ್ತರ: ನಮ್ಮ ಕಡೆಯ ಮೂರು ಭಾಗದ ಹೆಸರು ಪರದೇಶದ ಫಾರ್ಮಿನೊಳಗೆ ನೆಟ್ಟಗೆ ಕೂರುವುದಿಲ್ಲ. ಪರೀಕ್ಷೆಯ ದಿನ ನೋಡುವುದು ಗುರುತಿನ ಚೀಟಿ, ನೌಕರಿಯ ದಿನ ನೋಡುವುದು ಎಸ್‌ಎಸ್‌ಎಲ್‌ಸಿ. ಎರಡನ್ನೂ ಒಂದೇ ಹೆಸರಿಗೆ ತರುವುದು ಪರೀಕ್ಷೆಗೆ ಮೊದಲು ಆಗಬೇಕು. ಎಸ್‌ಎಸ್‌ಎಲ್‌ಸಿ ಹೆಸರನ್ನು ಮುಟ್ಟಬೇಡಿ, ಅದು ಬದಲಾಯಿಸಲು ಎಲ್ಲಕ್ಕಿಂತ ಕಷ್ಟದ್ದು. ಆಧಾರ್ ಮತ್ತು ಪಾಸ್‌ಪೋರ್ಟನ್ನು ಅದಕ್ಕೆ ಹೊಂದಿಸಿ. ಪಾಸ್‌ಪೋರ್ಟ್‌ನಲ್ಲಿ ಅಡ್ಡಹೆಸರಿಗೆ ಬೇರೆ ಸಾಲು ಇರುವುದರಿಂದ ಅದು ಮೇಲೆ ಅಚ್ಚಾಗುತ್ತದೆ, ಅದು ತಪ್ಪಲ್ಲ. ಪರೀಕ್ಷೆಯ ಖಾತೆಯಲ್ಲಿ ಅಡ್ಡಹೆಸರಿನ ಜಾಗದಲ್ಲಿ ಅಡ್ಡಹೆಸರು, ಉಳಿದೆರಡು ಮೊದಲ ಹೆಸರಿನ ಜಾಗದಲ್ಲಿ, ಪಾಸ್‌ಪೋರ್ಟ್‌ನಲ್ಲಿ ಇರುವ ಅಕ್ಷರಗಳಲ್ಲೇ. ‘ಬಸಪ್ಪ’ನಿಗೆ ಒಂದು ‘ಪಿ’ ಬಿಟ್ಟರೂ ಮುಂದೆ ಅಫಿಡವಿಟ್‌ಗೆ ಓಡಾಟ. ಗುರುತಿಗೆ ಪಾಸ್‌ಪೋರ್ಟೇ ಒಳ್ಳೆಯದು, ಏಕೆಂದರೆ ಫೋಟೊ ಜೊತೆ ಸಹಿಯೂ ಇದೆ. ಆಧಾರ್‌ನಲ್ಲಿ ನಿಮ್ಮ ಸಹಿ ಇರುವುದಿಲ್ಲ.

ಸೆಕ್ಯುರಿಟಿ ಪ್ಲಸ್ ಮನೆಯಿಂದ ಬರೆಯಬಹುದು. ಸಿಐಎಸ್‌ಎಸ್‌ಪಿ ಪರೀಕ್ಷಾ ಕೇಂದ್ರದಲ್ಲೇ ಬರೆಯಬೇಕು. ಮನೆಯಲ್ಲಾದರೆ ಮೇಜಿನ ಮೇಲೆ ಏನೂ ಇರಬಾರದು, ಎರಡನೇ ಪರದೆ ಬಿಚ್ಚಿಡಬೇಕು, ಕೋಣೆಗೆ ಯಾರೂ ಬರಬಾರದು. ಅಜ್ಜಿ ಚಹಾ ತಂದರೂ ಪರೀಕ್ಷೆ ರದ್ದಾಗಬಹುದು, ಆದ್ದರಿಂದ ಬಾಗಿಲಿಗೆ ಒಳಗಿನಿಂದ ಚಿಲಕ. ಪ್ರಶ್ನೆಯನ್ನು ತುಟಿ ಅಲುಗಿಸಿ ಓದುವ ಅಭ್ಯಾಸ ಇದ್ದರೆ ಬಿಡಿ, ಕ್ಯಾಮೆರಾದ ಆಚೆ ಕೂತವರು ಯಾರೊಂದಿಗೋ ಮಾತಾಡುತ್ತಿದ್ದೀರೆಂದು ತಿಳಿಯುತ್ತಾರೆ. ಕರೆಂಟ್ ಹೋದರೆ ಲ್ಯಾಪ್‌ಟಾಪ್ ನಡೆಯುತ್ತದೆ, ರೌಟರ್ ನಿಲ್ಲುತ್ತದೆ. ರೌಟರ್‌ಗೆ ಮಾತ್ರ ಸಣ್ಣ ಯುಪಿಎಸ್ ಹಾಕಿ. ಬುಕ್ ಮಾಡುವ ಮೊದಲು ಅದೇ ಲ್ಯಾಪ್‌ಟಾಪ್, ಅದೇ ಕೋಣೆ, ಅದೇ ನೆಟ್‌ನಲ್ಲಿ ಸಿಸ್ಟಮ್ ಟೆಸ್ಟ್ ಓಡಿಸಿ. ಸಂಜೆ ಹೊತ್ತು ನೆಟ್ ಕುಂಟುವುದಾದರೆ ಬೆಳಗಿನ ಸಮಯ ಹಿಡಿಯಿರಿ.